ಗಾಜು ಕಣ್ಲಾ

ಪುಟ್ಟಮಾದುವಿಗೆ ಉಳಿದಿದ್ದ ಒಂದು ಕಣ್ಣೂ ಹೋಗುತ್ತಿದೆ ಎಂದು ನನಗೆ ಗೊತ್ತಾಗಿತ್ತು. ಅವನಿಗಿನ್ನೂ ಗೊತ್ತಾಗಿರಲಿಲ್ಲ. ಅವನು ಕೇಳಿದ, ನಾನು ಸುಳ್ಳು ಹೇಳಿದೆ. ವಿಷಯ ಇಷ್ಟೇ. ಆದರೆ ಈ ಮೂರು ನಾಲ್ಕು ವಾಕ್ಯ ಬರೆಯಲಾಗದೆ, ಆರು ವರ್ಷದಿಂದ ಡೈರಿಯಲ್ಲಿ ಬೇರೆಲ್ಲವನ್ನೂ ಬರೆದಿದ್ದೇನೆ.

ಮಾದು ದುದ್ದದ ಕಡೆಗಿರುವ ನಮ್ಮೂರಿನ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವನ ಮನೆತನದ ಕೆಲಸ. ಅವನ ಕೇರಿ ಬೇರೆ, ನಮ್ಮದು ಬೇರೆ. ಶಾಲೆಯಲ್ಲಿ ಮಾತ್ರ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತವರು. ನಾನು ಮುಂದೆ ಓದಿ ಮಳವಳ್ಳಿಯಲ್ಲಿ, ಆಮೇಲೆ ಮದ್ದೂರಿನಲ್ಲಿ ಕಾಲೇಜು ಮೇಷ್ಟ್ರಾದೆ, ಈಗ ನಿವೃತ್ತನಾಗಿ ಮಂಡ್ಯದಲ್ಲಿದ್ದೇನೆ. ನಾಲ್ಕು ಜನರ ಎದುರು ಅವನು ನನ್ನನ್ನು 'ಮೇಷ್ಟ್ರೆ' ಎನ್ನುತ್ತಿದ್ದ. ಕೆರೆ ಏರಿಯ ಮೇಲೆ ಇಬ್ಬರೇ ಇದ್ದಾಗ 'ಲೇ'.

ಭಾನುವಾರ ಬೆಳಗಾದರೆ ನಾನು ಊರಿಗೆ ಹೋಗುತ್ತಿದ್ದೆ — ಹಕ್ಕಿ ನೋಡಲು. ನಮ್ಮ ಕಡೆ ಹಕಾರ ಬಾಯಲ್ಲಿ ನಿಲ್ಲುವುದಿಲ್ಲ, ಹಕ್ಕಿ ಅಕ್ಕಿಯಾಗುತ್ತದೆ. ಮಾದು ಅಂಗಿ ತೊಟ್ಟು ಹೊರಟರೆ ಅವನ ಹೆಂಡತಿ ಜಯಮ್ಮ ಒಳಗಿನಿಂದಲೇ ಕೂಗುತ್ತಿದ್ದಳು: "ಅಕ್ಕಿ ನೋಡಕ್ಕೆ ಕೆರೆತಾವ್ಕೆ ಯಾಕೋಯ್ತೀಯ? ನಮ್ಮನೇಲೂ ಮೊರದ ತುಂಬ ಐತೆ, ಬಂದು ಕಲ್ಲಾರ್ಸು ಬಾ."

ಇಪ್ಪತ್ತರ ವಯಸ್ಸಿನಲ್ಲಿ ಕಬ್ಬು ಕಡಿಯುವಾಗ ಸೋಗೆ ಬಡಿದು ಅವನ ಎಡಗಣ್ಣು ಹೋಗಿತ್ತು. ಉಳಿದ ಬಲಗಣ್ಣು ನನ್ನ ಎರಡು ಕಣ್ಣಿಗಿಂತ ಚುರುಕು. ಜೊಂಡಿನೊಳಗೆ ಕೂತದ್ದನ್ನು, ಆಚೆ ದಡದ ಜಾಲಿಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ಹಾವಕ್ಕಿಯನ್ನು ಮೊದಲು ಕಾಣುತ್ತಿದ್ದವನು ಅವನು. ನಾನು ದುರ್ಬೀನು ಹಾಕಿ ಹುಡುಕಿ, ಹೆಸರು ಹೇಳಿ, ಬರೆದುಕೊಳ್ಳುವವನು. ಒಮ್ಮೆ ನನ್ನ ಎರಡು ಕೊಳವೆಯ ದುರ್ಬೀನನ್ನು ಅವನ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ ನಕ್ಕ.

"ಇರಾದು ಒಂದು ಕಣ್ಣು. ಎಲ್ಡು ಕೊಳ್ವೆ ತಕ್ಕಂಡು ಏನ್ಲಾ ಮಾಡ್ಲಿ? ಇನ್ನೊಂದ್ರಲ್ಲಿ ಬೀಡಿ ಮಡಿಕ್ಕಳ್ಳಾ?"

ಆ ಮಾತಿನಿಂದಲೇ ಒಂಟಿಗೊಳವೆಯ ದುರ್ಬೀನಿನ ಯೋಚನೆ ಹುಟ್ಟಿತು. ನಾನು ಆರಿಸಿ ಕೊಡುತ್ತೇನೆ ಎಂದೆ.

ಆರಿಸುವುದು ಸುಲಭವಲ್ಲ. ಹೆಚ್ಚು ದೊಡ್ಡದಾಗಿ ತೋರಿಸಿದಷ್ಟೂ ಒಳ್ಳೆಯದು ಎಂದು ನಾನೂ ತಿಳಿದಿದ್ದೆ. ಹಾಗಲ್ಲ — ಹಕ್ಕಿ ಹತ್ತು ಪಟ್ಟು ದೊಡ್ಡದಾದರೆ ಕೈಯ ನಡುಕವೂ ಹತ್ತು ಪಟ್ಟು. ಮುಂದಿನ ಗಾಜು ಚಿಕ್ಕದಾದರೆ ಮುಂಜಾನೆಯ ಬೆಳಕು ಸಾಲದು. ಕಣ್ಣಿಡುವ ಕಡೆಯ ರಬ್ಬರಿನ ಬಟ್ಟಲು ಕಣ್ಣಿಂದ ಸರಿಯಾದ ದೂರದಲ್ಲಿರಬೇಕು, ಇಲ್ಲದಿದ್ದರೆ ಚಿತ್ರದ ಸುತ್ತ ಒಂದು ಕಪ್ಪು ಬಳೆ ಕಾಣುತ್ತದೆ. ಇದೊಂದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನು ಬಚ್ಚಿಟ್ಟುಕೊಂಡದ್ದು ಈ ಬಳೆಯ ಹಿಂದೆಯೇ.

ಮೊದಲು ತರಿಸಿದ್ದು ಅಂಗಿ ಜೇಬಿಗೆ ಹಿಡಿಸುವಂಥದು. ಮೇಲೆ ಹತ್ತು ಗುಣಿಸು ಇಪ್ಪತ್ತೈದು ಎಂದು ಅಚ್ಚಾಗಿತ್ತು — ಹತ್ತು ಪಟ್ಟು ದೊಡ್ಡದು, ಮುಂದಿನ ಗಾಜಿನ ಅಗಲ ಇಪ್ಪತ್ತೈದು ಮಿಲಿಮೀಟರು. ಓದಿ ಹೇಳಿದೆ. "ಅತ್ತು? ಅಳಾ ಗಾಜ್ ಯಾಕ್ಲಾ ತಂದೆ, ನಗಾದು ಸಿಗ್ನಿಲ್ವಾ?" ಎಂದ. ಕಣ್ಣಿಗಿಟ್ಟುಕೊಂಡು, ಸುತ್ತ ಕರೀ ಬಳೆ ಐತೆ ಎಂದ. ನಾನೂ ನೋಡಿದೆ. ನನಗೂ ಕಂಡಿತು. ಅದು ನಿಜವಾಗಿಯೂ ಗಾಜಿನದೇ ತಪ್ಪು, ಅದರಲ್ಲಿ ಅನುಮಾನವಿಲ್ಲ. ವಾಪಸು ಕಳಿಸಿದೆ.

ಎರಡನೆಯದು ಬರಲು ಮೂರು ವಾರವಾಯಿತು. ಹತ್ತು ಗುಣಿಸು ನಲವತ್ತೆರಡು. ಅದರಲ್ಲೂ ಬಳೆ ಎಂದ. ನಾನು ನೋಡಿದಾಗ — ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ಅಂಚಿನಲ್ಲಿ ಸ್ವಲ್ಪ ಮಬ್ಬಿತ್ತು ಎಂದು ನೆನಪು ಹೇಳುತ್ತದೆ. ಅವತ್ತು ಮೋಡವಿತ್ತು ಎಂದೂ ಹೇಳುತ್ತದೆ. ಡೈರಿ ತೆಗೆದರೆ, "ಬಿಸಿಲು ಚೆನ್ನಾಗಿತ್ತು" ಎಂದು ನನ್ನದೇ ಅಕ್ಷರ. ಮೋಡವನ್ನು ನಾನು ಆಮೇಲೆ ತಂದು ಹಾಕಿಕೊಂಡಿದ್ದೇನೆ. ಇನ್ನು ಏನೇನು ತಂದು ಹಾಕಿಕೊಂಡಿದ್ದೇನೋ! ಅದಕ್ಕೇ ಈಗ ನೆನಪನ್ನು ಕೇಳುವುದಿಲ್ಲ, ಡೈರಿಯಲ್ಲಿರುವುದನ್ನಷ್ಟೇ ಹೇಳುತ್ತೇನೆ.

ಎರಡನೆಯದನ್ನೂ ವಾಪಸು ಕಳಿಸಿದ ಮೇಲಿನ ಭಾನುವಾರದ ಪುಟದಲ್ಲಿ ಎಂಟು ಹಕ್ಕಿಗಳ ಹೆಸರುಗಳಿವೆ. ಕೆಳಗೆ ಒಂದು ಸಾಲು: "ಬಲಕ್ಕೆ, ತೂಬಿನ ಕಲ್ಲಿನ ಮೇಲೆ ಮಿಂಚುಳ್ಳಿ. ಹತ್ತು ಮಾರು ದೂರ. ಮಾದು ನೋಡಲಿಲ್ಲ."

ಬೇರೇನೂ ಬರೆದಿಲ್ಲ. ಆದರೆ ಯಾಕೆ ಬರೆದೆ? ಮೂವತ್ತು ವರ್ಷದ ಡೈರಿಯಲ್ಲಿ, ಒಬ್ಬ ಮನುಷ್ಯ ಒಂದು ಹಕ್ಕಿಯನ್ನು ನೋಡಲಿಲ್ಲ ಎಂದು ಇನ್ನೆಲ್ಲೂ ಬರೆದಿಲ್ಲ.

ನಮ್ಮವ್ವನಿಗೆ ಕಣ್ಣಿನ ಒತ್ತಡದ ಕಾಯಿಲೆಯಿತ್ತು. ಗ್ಲಾಕೋಮ. ನಾಲ್ಕು ವರ್ಷ ಬೆಳಿಗ್ಗೆ ಸಂಜೆ ಅವಳ ಕಣ್ಣಿಗೆ ಹನಿ ಬಿಟ್ಟವನು ನಾನು. ಎದುರಿಗಿಟ್ಟ ಲೋಟವನ್ನು ಎತ್ತಿಕೊಳ್ಳುತ್ತಿದ್ದಳು, ಪಕ್ಕಕ್ಕಿಟ್ಟದ್ದನ್ನು ಕೈ ತಾಗಿಸಿ ಚೆಲ್ಲುತ್ತಿದ್ದಳು. ನೋವಿಲ್ಲ, ಕೆಂಪಿಲ್ಲ. ದೃಷ್ಟಿ ಅಂಚಿನಿಂದ ಸವೆಯುತ್ತ ಬರುತ್ತದೆ. ಹೋದದ್ದು ಹಿಂದಿರುಗುವುದಿಲ್ಲ, ಬೇಗ ಹನಿ ಬಿಡಲು ಶುರು ಮಾಡಿದರೆ ಇದ್ದದ್ದು ಉಳಿಯಬಹುದು. ಇದು ಆ ಊರಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮೂರನೆಯ ದುರ್ಬೀನು ಎಂಟು ಗುಣಿಸು ನಲವತ್ತೆರಡು. ಕೈಗೆ ಭಾರ, ಆದರೆ ಚಿತ್ರ ಅಲುಗಾಡದು. ಮೊದಲು ನಾನು ನೋಡಿದೆ. ಬೆಳಿಗ್ಗೆ ಏಳೂವರೆ. ಕೆರೆಯ ಆಚೆ ದಡ, ನಾಮದ ಕೋಳಿಗಳು, ಅವುಗಳ ಹಣೆಯ ಬಿಳಿ — ಅಂಚಿನಿಂದ ಅಂಚಿಗೆ ಎಲ್ಲವೂ ತೊಳೆದಿಟ್ಟ ಹಾಗೆ. ಬಳೆಯಿರಲಿಲ್ಲ. ಏನೂ ಇರಲಿಲ್ಲ.

ಮಾದು ಬಹಳ ಹೊತ್ತು ನೋಡಿದ. ರಬ್ಬರಿನ ಬಟ್ಟಲನ್ನು ಒಳಕ್ಕೆ ತಿರುಗಿಸಿದ, ಹೊರಕ್ಕೆ ತಿರುಗಿಸಿದ. ಅಂಗಿಯ ಚುಂಗಿನಿಂದ ಗಾಜು ಒರೆಸಿ ಮತ್ತೆ ನೋಡಿದ. ಆಮೇಲೆ ಮಡಿಲಲ್ಲಿಟ್ಟುಕೊಂಡು ಕೂತ.

"ಇದ್ರಲ್ಲೂ ಐತೆ ಕಣ್ಲಾ ಬಳೆ. ಮೂರ್ರಲ್ಲೂ ಐತೆ."

ನಾನು ಡೈರಿ ತೆಗೆದು ನಾಮದ ಕೋಳಿ ಎಂದು ಬರೆದುಕೊಂಡೆ.

"ನಿಜ ಯೋಳು. ಗಾಜಾ, ಕಣ್ಣಾ?"

ಅವನ ದನಿಯಲ್ಲಿ ಹೆದರಿಕೆ ಇತ್ತೇ? ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ಅವನ ಮುಖ ನೋಡಿದ ನೆನಪಿಲ್ಲ. ನೀರಿನ ಕಡೆ ನೋಡುತ್ತ ಹೇಳಿದೆ:

"ಗಾಜು ಕಣ್ಲಾ."

ನಮ್ಮ ಸೀಮೆಯ ಮಾತಿನ ಬಾಲಕ್ಕೆ ಅಂಟಿಕೊಳ್ಳುವ ಈ 'ಕಣ್ಲಾ' ಎಂಬುದಕ್ಕೆ ಬೇರೆ ಅರ್ಥವಿಲ್ಲ — ನಾನು ಹೇಳುತ್ತಿದ್ದೇನೆ, ನೀನು ನಂಬು, ಅಷ್ಟೇ. 'ಕಾಣು' ಎಂಬುದರಿಂದಲೇ ಬಂದದ್ದು ಎಂದು ಎಲ್ಲೋ ಓದಿದ್ದೆ. ಕಾಣು, ನೋಡಿಕೋ. ಅವನು ನಂಬಿದ. ಮೇಷ್ಟ್ರು ಹೇಳಿದ್ದು ಎಂದಲ್ಲ, 'ಕಣ್ಲಾ' ಎಂದು ಹೇಳಿದ್ದಕ್ಕೆ. ಏರಿಯ ಮೇಲಿನ ಆ ಮಾತಿನಲ್ಲಿ ನಾವಿಬ್ಬರೂ ಅದುವರೆಗೆ ಸುಳ್ಳಾಡಿರಲಿಲ್ಲ.

"ಅಂಗಾರೆ ಇದೇ ಇರ್ಲಿ ಬುಡು," ಎಂದ. "ಮೂರ್ರಲ್ಲಿ ಇದ್ರ ಬಳೆನೇ ವಸಿ ತೆಳ್ಳಗೈತೆ." ದಾರವನ್ನು ಕುತ್ತಿಗೆಗೆ ಹಾಕಿಕೊಂಡ. ಹಾಗೆ ಆಯ್ಕೆ ಮುಗಿಯಿತು.

ಯಾಕೆ ಹೇಳಿದೆ? ಒಂದೇ ಕಣ್ಣಿರುವವನಿಗೆ ಅದೂ ಹೋಗುತ್ತಿದೆ ಎಂದು ಹೇಗೆ ಹೇಳುವುದು ಎಂಬ ಸಂಕಟ — ಬಹಳ ವರ್ಷ ನನಗೆ ನಾನೇ ಕೊಟ್ಟುಕೊಂಡ ಕಾರಣ ಇದು. ಕೇಳಲು ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಮಾರನೆಯ ದಿನದ ಪುಟದಲ್ಲಿ ಹೀಗಿದೆ: "ಹೆಬ್ಬಾತು ಇನ್ನೂ ಇಳಿದಿಲ್ಲ. ಇಳಿದರೆ ಎಣಿಸಬೇಕು. ಮಾದು ಬೇಕು."

ಆ ಚಳಿಗಾಲದಲ್ಲಿ ನಾನು ಕೆರೆಯ ಹಕ್ಕಿಗಳ ಪಟ್ಟಿಯೊಂದನ್ನು ಮುಗಿಸುವುದರಲ್ಲಿದ್ದೆ. ಉತ್ತರದ ಹಿಮದ ಬೆಟ್ಟಗಳ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತು ನಮ್ಮ ಕೆರೆಗೂ ಇಳಿಯುತ್ತದೆ ಎಂದು ಮಾದು ಚಿಕ್ಕಂದಿನಿಂದ ಹೇಳುತ್ತಿದ್ದ. ನಾನು ಕಂಡಿರಲಿಲ್ಲ. ಅವು ಯಾವ ಗದ್ದೆಗೆ, ಯಾವ ಹೊತ್ತಿಗೆ ಮೇಯಲು ಬರುತ್ತವೆ ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು. ಕಣ್ಣು ಎಂದು ಹೇಳಿದ್ದರೆ ಆಸ್ಪತ್ರೆ, ಪರೀಕ್ಷೆ, ಮನೆಯಲ್ಲಿ ಗಾಬರಿ. ಹೆಬ್ಬಾತಿನ ಕಾಲ ಮುಗಿದು ಹೋಗುತ್ತಿತ್ತು. ಇಷ್ಟು ಸಣ್ಣದಕ್ಕೆ ಎಂದು ನಿಮಗೆ ಅನ್ನಿಸಬಹುದು. ಇಷ್ಟು ಸಣ್ಣದಕ್ಕೇ. ಪಟ್ಟಿ ಮುಗಿಯಲಿ, ಆಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅಂದುಕೊಂಡಿದ್ದೆನೇ? ಅಂದುಕೊಂಡಿದ್ದೆ ಎಂದು ನೆನಪು ಹೇಳುತ್ತದೆ. ಡೈರಿಯಲ್ಲಿ ಇಲ್ಲ.

ಹೆಬ್ಬಾತು ಇಳಿದವು. ಅವನೇ ತೋರಿಸಿದ. ನೇರಕ್ಕೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು ಅವನಿಗೆ. ಪಟ್ಟಿ ಅಚ್ಚಾಯಿತು, ನಲವತ್ತು ಪುಟದ ಪುಸ್ತಿಕೆ. ಒಳಪುಟದಲ್ಲಿ, "ನನಗೆ ಕಣ್ಣಾದ ಪುಟ್ಟಮಾದುವಿಗೆ" ಎಂದು ಹಾಕಿಸಿದ್ದೇನೆ. ಅಚ್ಚಿನ ಕರಡನ್ನೂ ನಾನೇ ತಿದ್ದಿದೆ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ತೂಬಿನ ಮೆಟ್ಟಿಲು ಕಾಣದೆ ಬಿದ್ದ. ಮೊಣಕಾಲಿಗೆ ಪೆಟ್ಟು. ಮಂಡ್ಯದ ಆಸ್ಪತ್ರೆಯಲ್ಲಿ ಕಾಲು ನೋಡಿದವರೇ ಕಣ್ಣೂ ನೋಡಿಸಿಕೊಳ್ಳಿ ಎಂದರಂತೆ. ನಾನು ಹೋದಾಗ ಜಯಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

"ನಾಕ್ ತಿಂಗ್ಳು ಮುಂಚೆ ಕರ್ಕಬಂದಿದ್ರೆ ಇದ್ದಷ್ಟು ಉಳಿಸ್ಬೋದಿತ್ತಂತೆ ಮೇಷ್ಟ್ರೆ," ಎಂದಳು. "ನಮ್ಗೇನು ಗೊತ್ತಾಯ್ತದೆ? ನೋವು ಅಂದ್ನಾ, ನೀರ್ ಸೋರ್ತಾ? ಏನೂ ಇಲ್ಲ ಕಣಪ್ಪ."

ಗೋಡೆಯ ಕ್ಯಾಲೆಂಡರ್ ನೋಡುತ್ತ ಮನಸ್ಸಿನಲ್ಲೇ ನಾಲ್ಕು ತಿಂಗಳು ಹಿಂದಕ್ಕೆ ಹೋದೆ. ಮಿಂಚುಳ್ಳಿಯ ಭಾನುವಾರದ ಹತ್ತಿರಕ್ಕೇ ಬಂತು. ವೈದ್ಯರು 'ಉಳಿಸಬಹುದಿತ್ತು' ಎಂದರೇ, 'ಉಳಿಯಬಹುದಿತ್ತೇನೋ' ಎಂದರೇ — ಜಯಮ್ಮನನ್ನು ಮತ್ತೆ ಕೇಳಲಿಲ್ಲ. ಆ ಎರಡರ ನಡುವೆ ಅಡಗಿ ಕೂರಲು ನನಗೆ ಜಾಗ ಬೇಡ.

ಒಳಗೆ ಮಾದು ಮಂಚದ ಮೇಲಿದ್ದ. ಪಕ್ಕದ ಮಂಚದವನಿಗೆ ನನ್ನನ್ನು ತೋರಿಸಿ ಹೇಳಿದ: "ಇವ್ರೇ ಕಣಣ್ಣ ನಮ್ಮೇಷ್ಟ್ರು. ನಂಗೊಂದು ಗಾಜ್ ಕೂರ್ಲಿ ಅಂತ ಮೂರ್ ಮೂರು ತರಿಸ್ದೋರು. ನಾನೇ ಕುರ್ಡ್ ನನ್ಮಗ, ಅವ್ರ ಗಾಜ್ನ ಬೈಕಂಡು ಕೂತಿದ್ದೆ."

ಆರು ವರ್ಷದಿಂದ ಅವನು ಇದನ್ನೇ ಊರಿಗೆಲ್ಲ ಹೇಳುತ್ತ ಬಂದಿದ್ದಾನೆ. ಚಿಕ್ಕರಸಿನಕೆರೆಯ ಅವನ ಬೀಗರ ಮನೆಯಲ್ಲೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ.

ಈಗ ಅವನಿಗೆ ಬೆಳಕು ಕತ್ತಲೆ ಗೊತ್ತಾಗುತ್ತದೆ, ಹೆಚ್ಚೇನಿಲ್ಲ. ತೂಬಿನ ಕೆಲಸ ಅವನ ತಮ್ಮ ನೋಡಿಕೊಳ್ಳುತ್ತಾನೆ. ಮಾದು ಬೆಳಿಗ್ಗೆ ಕೋಲು ಹಿಡಿದು ಏರಿಯವರೆಗೆ ಬರುತ್ತಾನೆ, ಕೂತು ಕೇಳುತ್ತಾನೆ. ಟಿಟ್ಟಿಭ ಕೂಗಿದರೆ ಯಾರೋ ಗದ್ದೆಗಿಳಿದರು ಎನ್ನುತ್ತಾನೆ. ದುರ್ಬೀನು ಕುತ್ತಿಗೆಯಲ್ಲೇ ಇರುತ್ತದೆ. ತೆಗೆದಿಡು ಎಂದರೆ ಜಯಮ್ಮನ ಮೇಲೆ ರೇಗುತ್ತಾನಂತೆ.

ಹೋದ ಭಾನುವಾರ ಹೇಳಿಬಿಡಬೇಕೆಂದೇ ಹೋದೆ. ಪಕ್ಕದಲ್ಲಿ ಕೂತೆ. ಮಾತಿಗೆಂದು ಎಳೆದ ಉಸಿರು ಹಾಗೇ ನಿಂತಿತು. ಅದು ಅವನಿಗೆ ಕೇಳಿಸಿತು.

"ಏನ್ಲಾ," ಎಂದು ಪಿಸುಗುಟ್ಟಿದ, "ಅಕ್ಕಿ ಬಂತಾ?"

"ಹೂಂ."

"ಯಾವ್ದು?"

ಕೆರೆಯಲ್ಲಿ ಏನೂ ಇರಲಿಲ್ಲ. "ಮಿಂಚುಳ್ಳಿ," ಎಂದೆ. "ತೂಬಿನ ಮೇಲೆ."

ಅವನು ದುರ್ಬೀನು ಎತ್ತಿ ಕಣ್ಣಿಗಿಟ್ಟುಕೊಂಡ, ಬೇರೆ ಯಾವ ಕಡೆಗೋ. "ಎತ್ತಾಗ್ಲಾ? ತಿರುಗ್ಸು," ಎಂದ. ನಾನು ಅವನ ಮೊಣಕೈ ಹಿಡಿದು ಖಾಲಿ ತೂಬಿನ ಕಡೆಗೆ ತಿರುಗಿಸಿದೆ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ.

"ಇರ್ಲಿ ಬುಡು," ಎಂದು ಇಳಿಸಿದ. "ನೀನ್ ನೋಡ್ದಲ್ಲ."

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಅವನು ಓದಲಾರ. ಅದು ಗೊತ್ತಿದ್ದೇ ಬರೆಯಲು ಕೂತೆನೋ ಏನೋ — ಹೇಳಿದ ಹಾಗೂ ಆಯಿತು, ಕೇಳಿಸದ ಹಾಗೂ ಆಯಿತು. ಅನುಮಾನ ಬಂದ ಮೇಲೆ ಇದನ್ನು ಹೀಗೇ ಬಿಡುವಂತಿಲ್ಲ.

ನಾಳೆ ಭಾನುವಾರ. ಈ ಹಾಳೆಗಳನ್ನು ಒಯ್ಯುವುದಿಲ್ಲ. ಅವನು ಆರು ವರ್ಷದ ಹಿಂದೆ ಕೇಳಿದ್ದಕ್ಕೆ ಉತ್ತರ ಎರಡೇ ಮಾತು: ಕಣ್ಣು ಕಣ್ಲಾ. ಅದನ್ನು ಹೇಳುತ್ತೇನೆ. ಅವನು ಏನೆನ್ನುತ್ತಾನೋ, ಏನನ್ನೂ ಅನ್ನುವುದಿಲ್ಲವೋ — ಎದ್ದು ಹೋಗು ಎನ್ನುವವರೆಗೂ ಅಲ್ಲೇ ಕೂತಿರುತ್ತೇನೆ.