ಫುಪುವಿನ ಬುಟ್ಟಿ

ನಾಯಿಪೂಜೆಯ ದಿನ ಮಧ್ಯಾಹ್ನ, ಪಾಟನ್ನಿನ ಓಣಿಯವರೆಲ್ಲ ನೋಡುತ್ತಿದ್ದಂತೆ, ಖೈರೆ ಎಂಬ ಎರಡು ತಿಂಗಳ ನಾಯಿಮರಿ ಕೀರ್ತಿಮಾನನ ಮಾವನ ಬೆರಳು ಕಚ್ಚಿತು. ಮಾವ ಕೈ ಕೊಡವಿದ ರಭಸಕ್ಕೆ ತಟ್ಟೆಯ ಕುಂಕುಮವೆಲ್ಲ ಅಳಿಯನ ಹೊಸ ಬಿಳಿ ಅಂಗಿಯ ಮೇಲೆ ಬಿದ್ದು, ನಾಯಿಗೆ ಇಡಬೇಕಾದ ತಿಲಕ ಕೀರ್ತಿಮಾನನಿಗೇ ಆಯಿತು. ರಕ್ತ ಬರಲಿಲ್ಲ, ಮಾನ ಹೋಯಿತು.

ಮರಿಯನ್ನು ಕೊಟ್ಟವರೇ ಮಾವ. ಇದರ ಬುದ್ಧಿ ಸರಿಯಿಲ್ಲ, ನಾಳೆ ನನ್ನ ಇಟ್ಟಿಗೆ ಭಟ್ಟಿ ಕಾಯಲು ಕಳಿಸಿಬಿಡುತ್ತೇನೆ ಎಂದರು.

ಕೀರ್ತಿಮಾನ್ ಮೆಟ್ಟಿಲ ಕಡೆ ಕದ್ದು ನೋಡಿದ. ಅಲ್ಲಿ ಸೋದರತ್ತೆ ದಿಲ್‌ಶೋಭಾ, ಮನೆಯವರಿಗೆಲ್ಲ ಫುಪು, ಸ್ವೆಟರ್ ಹೆಣೆಯುತ್ತ ಕೂತಿದ್ದಳು.

ಚಿಕ್ಕ ವಯಸ್ಸಿಗೇ ಗಂಡ ಹೋದ ಮೇಲೆ ಅಣ್ಣನ ಮನೆ ಸೇರಿದ ಫುಪುವಿಗೆ, ಅಲ್ಲಿ ಹುಟ್ಟಿದವರನ್ನೆಲ್ಲ ಮಲಗಿಸುವುದೇ ಕೆಲಸವಾಯಿತು. ಕೀರ್ತಿಮಾನನೂ ಆಕೆಯ ಕಾಲ ಮೇಲೆ ಸಾಸಿವೆ ಎಣ್ಣೆ ತಿಕ್ಕಿಸಿಕೊಂಡು, ಎಳೆಬಿಸಿಲಲ್ಲಿ ಮಲಗಿ ಬೆಳೆದವನು. ಆ ಹೊತ್ತಿನಲ್ಲಿ ಪಾತ್ರೆ ಬೀಳಿಸಿದರೆ ಅಣ್ಣನಿಗೂ ಬೈಗುಳ ತಪ್ಪುತ್ತಿರಲಿಲ್ಲ.

ಖೈರೆ ಬಂದಾಗಲೂ ಅದೇ ಕ್ರಮ. ಎದ್ದ ಕೂಡಲೇ ಅಂಗಳ, ಆಮೇಲೆ ಊಟ, ಸ್ವಲ್ಪ ಆಟ. ಸೆರಗು ಹಿಡಿದು ಜಗ್ಗಲು ಶುರುಮಾಡಿತೆಂದರೆ ನಿದ್ದೆ ಬಂದಿದೆ ಎಂದೇ ಅರ್ಥ. ಬುಟ್ಟಿಗೆ ಹಾಕಿ ಮೇಲೊಂದು ಶಾಲು. ದಿನದ ಮುಕ್ಕಾಲು ಪಾಲು ಅದು ಮಲಗಿಯೇ ಇರುತ್ತಿತ್ತು. ನಾಯಿ ಸೋಮಾರಿ ಎಂದು ಕೀರ್ತಿಮಾನನ ಅನುಮಾನ. ತಾನು ಆಫೀಸಿನಲ್ಲಿ ಊಟದ ನಂತರ ತೂಕಡಿಸುವುದು ಬೇರೆ ಮಾತು.

ಹಬ್ಬದ ಬೆಳಿಗ್ಗೆಯೇ ಫುಪು ಹೇಳಿದ್ದಳು: "ಒಂದು ಮಾಲೆ, ಒಂದು ತಿಲಕ. ಆಮೇಲೆ ಮುಟ್ಬೇಡ."

ಅವನು ಕೇಳಬೇಕಲ್ಲ. ಬಂದವರೆಲ್ಲ ಚೆಂಡುಹೂವಿನ ಮಾಲೆ ತಂದವರೇ. ವರ್ಷಕ್ಕೊಮ್ಮೆ ದೇವರಾಗುವ ನಾಯಿಯನ್ನು ಶಾಲಿನಡಿ ಬಚ್ಚಿಡುವುದುಂಟೇ ಎಂದು ಪ್ರತಿ ಸಲವೂ ಬುಟ್ಟಿಯಿಂದ ಎತ್ತಿ ತಂದ. ಮಾವ ಬರುವ ಹೊತ್ತಿಗೆ ಮರಿ ಹೂವಿನ ಭಾರಕ್ಕೆ ನಿಂತಲ್ಲೇ ತೂಗಾಡುತ್ತಿತ್ತು.

ಈಗ ಫುಪು "ನಾನು ಹೇಳಿರ್ಲಿಲ್ವಾ" ಎಂದು ಚುಚ್ಚಿದ್ದರೂ ಅವನಿಗೆ ಹಗುರವಾಗುತ್ತಿತ್ತು. ಆಕೆ ಎದ್ದು ಬಂದು ಮಾಲೆಗಳನ್ನು ಒಂದೊಂದಾಗಿ ತೆಗೆದಳು. ಕೊನೆಯ ಮಾಲೆ ತೆಗೆಯುವಷ್ಟರಲ್ಲಿ ಖೈರೆ ಆಕೆಯ ಕೈಯಲ್ಲೇ ನಿದ್ದೆ ಹೋಗಿತ್ತು.

ಕೀರ್ತಿಮಾನ್ ಮಾವನ ಮುಂದೆ ಬಂದು ನಿಂತ. "ತಪ್ಪು ಮರೀದಲ್ಲ, ಮಾವ. ಬೆಳಿಗ್ಗೆಯಿಂದ ಅದನ್ನ ಮಲಗೋಕೇ ಬಿಟ್ಟಿಲ್ಲ ನಾನು."

ಮಾವ ತಮ್ಮ ಬೆರಳು ನೋಡಿಕೊಂಡರು, ಅಳಿಯನ ಅಂಗಿ ನೋಡಿದರು, ಕೊನೆಗೆ ಫುಪುವಿನತ್ತ ತಿರುಗಿದರು. "ನೀವೇ ಹೇಳಿ ದೀದಿ. ಇಟ್ಕೊಳ್ಳೋದೋ, ಭಟ್ಟಿಗೆ ಕಳಿಸೋದೋ?"

ಫುಪು ಮರಿಯನ್ನು ಬುಟ್ಟಿಯಲ್ಲಿಟ್ಟು ಶಾಲು ಹೊದಿಸಿದಳು.

"ಮರಿ ಇಲ್ಲೇ ಇರ್ಲಿ. ಭಟ್ಟಿ ಕಾಯೋಕೆ ಇವನನ್ನ ಕರ್ಕೊಂಡು ಹೋಗಿ."