ಹತ್ತಿ ಇಲ್ಲದ ಹೊಗೆ

ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದು ಟೀವಿಯಲ್ಲಿ ಹೇಳುವವರು ಕಲ್ಲಿದ್ದಲು ಎನ್ನುತ್ತಾರೆ, ಕಾರ್ಖಾನೆ ಎನ್ನುತ್ತಾರೆ. ಮನೆತನದ ಮರ್ಯಾದೆ ಎಂದು ಒಬ್ಬರೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ನನ್ನ ಮದುವೆ ಗೊತ್ತಾದದ್ದೇ ಹಾಗೆ.

ಐವತ್ತರ ದಶಕದ ಆದವಾನಿಯಲ್ಲಿ ಅಪ್ಪನದೊಂದು ಜಿನ್ನಿಂಗ್ ಮಿಲ್ಲು. ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಯಾರ ಚಿಮಣಿ ಹೆಚ್ಚು ಹೊಗೆ ಬಿಡುತ್ತದೋ ಅವರೇ ದೊಡ್ಡ ಸಾಹುಕಾರರು. ಹೆಣ್ಣು ನೋಡಲು ಬರುವವರು ರೈಲಿನಿಂದ ಇಳಿಯುವ ಮೊದಲೇ ಕಿಟಕಿಯಿಂದ ಇಣುಕಿ ಚಿಮಣಿ ನೋಡಿಕೊಳ್ಳುತ್ತಿದ್ದರು, ಹುಡುಗಿಯನ್ನು ಆಮೇಲೆ.

ನನ್ನನ್ನು ನೋಡಲು ರಾಯಚೂರಿನಿಂದ ಗಂಡಿನವರು ಬಂದದ್ದು ಶ್ರಾವಣದಲ್ಲಿ. ಹೊಲದಲ್ಲಿ ಹತ್ತಿ ಗಿಡ ಇನ್ನೂ ಗೇಣುದ್ದ. ಮಿಲ್ಲು ಬೇಸಿಗೆಯಿಂದಲೇ ಮುಚ್ಚಿತ್ತು. ಹೊಟ್ಟೆಗೆ ಹಿಟ್ಟಿಲ್ಲದವರು ಜುಟ್ಟಿಗೆ ಮಲ್ಲಿಗೆ ಮುಡಿದರೆ ನಗಬಹುದು. ನಮಗೆ ಹಿಟ್ಟಿನ ಕೊರತೆ ಇರಲಿಲ್ಲ, ಆದರೂ ಅಪ್ಪನಿಗೆ ಜುಟ್ಟಿನದೇ ಚಿಂತೆ. ಬೆಳಿಗ್ಗೆಯೇ ಬಾಯ್ಲರಿನವನನ್ನು ಕರೆಸಿದರು.

“ಹತ್ತೀನೇ ಇಲ್ಲಲ್ರಿ ಸಾವ್ಕಾರ್ರ, ಬೆಂಕಿ ಹಚ್ಚಿ ಏನ್ ಮಾಡಾಣ್ರಿ?” ಎಂದ ಅವನು.

“ಹತ್ತಿ ಯಾಂವ ಕೇಳ್ಯಾನ? ಹೊಗಿ ಬೇಕು. ಕಲ್ಲಿದ್ದಲಿ ಮ್ಯಾಲ ಹಸೀ ಕಟಗಿ ಹಾಕು.”

ಗಂಡಿನವರು ಬಂದು ಕೂತರು. ಮಳೆಗಾಲದಲ್ಲೂ ಮಿಲ್ಲು ನಡೆಯುತ್ತಿದೆಯಲ್ಲ ಎಂದು ಬೆರಗಾದರು. ಅಪ್ಪ ಮೀಸೆಯಲ್ಲೇ ನಕ್ಕರು. ನಾನು ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಮಿಲ್ಲಿನ ಹಿಂದಿನ ಓಣಿಯ ಹೆಂಗಸೊಬ್ಬಳು ಪಡಸಾಲೆಯ ಬಾಗಿಲಿಗೇ ಬಂದಳು. ಸುಗ್ಗಿಯಲ್ಲಿ ನಮ್ಮಲ್ಲೇ ಹತ್ತಿ ಆರಿಸುವವಳು. ಗಾಳಿಗೆ ಹೊಗೆಯೆಲ್ಲ ಅವರ ಗುಡಿಸಲುಗಳ ಮೇಲೆ ಇಳಿದಿತ್ತು. ಸೆರಗಿನಲ್ಲಿದ್ದ ಕೂಸು ಕೆಮ್ಮಿ ಕೆಮ್ಮಿ ಕೆಂಪಾಗಿತ್ತು.

“ಅವ್ವಾರ, ಕೂಸಿಗೆ ಉಸುರಾಡವಲ್ದು,” ಎಂದು ನನ್ನ ಅವ್ವನಿಗೆ ಹೇಳಿದಳು. “ಹತ್ತಿ ಇದ್ದಾಗ ಕೂಲಿ ಬರ್ತೈತಿ, ತಡಕಂತೀವಿ. ಈಗ ಹತ್ತೀನೇ ಇಲ್ಲ, ಬೆಂಕಿ ಯಾಕ ಹಚ್ಯಾರ್ರಿ?”

ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು. ಸಂಬಂಧ ಮುರಿಯಿತು ಎಂದುಕೊಂಡೆ. ಮುರಿದರೆ ಒಳ್ಳೆಯದೇ ಆಯಿತು, ಇವರ ಮುಂದೆ ಇನ್ನೊಮ್ಮೆ ತಲೆ ಎತ್ತುವುದು ತಪ್ಪುತ್ತದೆ ಎಂದೂ ಅನಿಸಿತು.

ಹುಡುಗನ ತಂದೆ ಅಪ್ಪನ ಮುಖ ನೋಡಿದರು, ಆಮೇಲೆ ತೊಡೆ ತಟ್ಟಿ ನಕ್ಕರು.

“ಬರೇ ನಮಗ ತೋರ್ಸಾಕ ಇಷ್ಟು ಕಲ್ಲಿದ್ದಲಿ ಸುಟ್ಟೀರೇನ್ರಿ? ಭೇಷ್! ದುಡಿಯಾಕ ಸುಡೋ ಮಂದಿನ್ನ ಬೇಕಾದಷ್ಟು ನೋಡೀನಿ. ಸುಮ್ ಸುಮ್ನ ಸುಡೋದು ದೊಡ್ಡ ಮನಿತನಕ್ಕ ಮಾತ್ರ ಆಗ್ತೈತಿ. ಹುಡುಗಿ ನಮಗ ಒಪ್ಪಿಗಿ.”

ಎಲ್ಲರೂ ನಕ್ಕರು. ಅವ್ವ ಸಕ್ಕರೆ ತರಲು ಒಳಗೆ ಓಡಿದಳು. ಗುಟ್ಟು ರಟ್ಟಾಗಿತ್ತು, ಇನ್ನು ಯಾರಿಗೂ ಹೊಗೆ ತೋರಿಸಬೇಕಾಗಿರಲಿಲ್ಲ. ಆದರೂ ಅಪ್ಪ ಆಳನ್ನು ಮಿಲ್ಲಿಗೆ ಅಟ್ಟಿದರು: “ಬೀಗರ ರೈಲು ಹೋಗೋತನಕ ಬೆಂಕಿ ಆರಬಾರ್ದು ಅಂತ ಹೇಳು.”

ಆ ತಾಯಿ ಉತ್ತರಕ್ಕಾಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಅವ್ವ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಕೂಸಿನ ಕೆಮ್ಮು ಕೇಳಿಸಿಕೊಳ್ಳುತ್ತಲೇ ನಾನದನ್ನು ನುಂಗಿದೆ.