ನಾನು ಸರ್ಜನ್, ಅಕ್ಕ ನರ್ಸು

ಮತ್ತಿನ ಔಷಧಿ ಅರ್ಧಕ್ಕೇ ಇಳಿದು, ಅಕ್ಕ ಆಪರೇಷನ್ ನಡುವೆ ಎದ್ದು ಕುಳಿತು, ಒಲೆಯ ಮೇಲೆ ಹಾಲಿದೆ ಎಂದು ಹೊರಟುಬಿಡಬಹುದಿತ್ತು. ಇಲ್ಲವೇ ಆ ಮತ್ತು ಇಳಿಯದೆಯೇ ಹೋಗಬಹುದಿತ್ತು. ಅದನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ ತರಲು ಹೋದವನು ದಾರಿಯಲ್ಲಿ ಚಹಾ ಕುಡಿಯುತ್ತ ನಿಲ್ಲಬಹುದಿತ್ತು. ಡಾಕ್ಟರು ಪಕ್ಕದ ಮಂಚದವರ ಚೀಟಿ ನೋಡಿ ಪಿತ್ತಕೋಶದ ಬದಲು ಅಕ್ಕನ ಮಂಡಿಗೆ ಕೈ ಹಾಕಬಹುದಿತ್ತು. ಭಾವ ಒಪ್ಪಿಗೆ ಪತ್ರದಲ್ಲಿ ರೋಗಿಯ ಹೆಸರಿನ ಜಾಗಕ್ಕೆ ತಮ್ಮದನ್ನೇ ಬರೆದು, ಅವರನ್ನೇ ಒಳಗೆ ತಳ್ಳಿಕೊಂಡು ಹೋಗಬಹುದಿತ್ತು. ಅವರ ಸ್ವಭಾವಕ್ಕೆ ಅವರು ಬೇಡ ಎನ್ನುವವರೂ ಅಲ್ಲ. ಹರಿಹರದಿಂದ ದಾವಣಗೆರೆಗೆ ಬರುವಾಗ ಕಬ್ಬಿನ ಟ್ರ್ಯಾಕ್ಟರು ರಸ್ತೆಗೆ ಅಡ್ಡ ಮಗುಚಬಹುದಿತ್ತು. ಹೊಟ್ಟೆಯೊಳಗೆ ಹತ್ತಿ ಉಳಿಯಬಹುದಿತ್ತು, ಕತ್ತರಿ ಉಳಿಯಬಹುದಿತ್ತು, ಕೈಗಡಿಯಾರ ಉಳಿಯಬಹುದಿತ್ತು.

ಕೈಗಡಿಯಾರ ಎಲ್ಲಿಂದ ಬಂತು ಎಂದು ನೀವು ಕೇಳಬೇಕು. ಅದು ಒಂದು ಟಿವಿ ಆಟದಿಂದ ಬಂತು.

ಅಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು. ಬೋಂಡಾ ತಿಂದರೆ ಬಲಗಡೆ ಹಿಂಡಿದ ಹಾಗೆ ನೋವು, ತಿನ್ನದಿದ್ದರೆ ಬೋಂಡಾ ತಿನ್ನಲಿಲ್ಲವಲ್ಲ ಎಂಬ ನೋವು. ಇನ್ನೊಂದು ಸಲ ಕೀವಾದರೆ ಕಷ್ಟ, ಈಗಲೇ ತೆಗೆಸಿಬಿಡಿ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಅಕ್ಕ ಮಾತ್ರ ಒಪ್ಪಲೊಲ್ಲಳು. ಯಾರೋ ಹೇಳಿದ ಕಷಾಯ, ಇನ್ಯಾರೋ ಹೇಳಿದ ಹುರುಳಿ ಕಟ್ಟು ಕುಡಿಯುತ್ತ ಕಲ್ಲು ಕರಗುವುದನ್ನೇ ಕಾಯುತ್ತಿದ್ದಳು. ಅವಳನ್ನು ಒಪ್ಪಿಸಲು ಮನೆಯವರೆಲ್ಲ ಸೇರಿ ಆರಿಸಿದ್ದು ನನ್ನನ್ನು. ತಮ್ಮನ ಮಾತು ಕೇಳುತ್ತಾಳೆ ಎಂಬುದು ಅವರ ಲೆಕ್ಕಾಚಾರ. ಆ ತಮ್ಮ ಎಂಥವನು ಎಂಬುದನ್ನು ಯಾರೂ ಯೋಚಿಸಿದಂತಿಲ್ಲ.

ನನ್ನದು ದಾವಣಗೆರೆಯಲ್ಲಿ ಪಂಪ್‌ಸೆಟ್ಟು, ಪೈಪಿನ ಅಂಗಡಿ. ಹದಡಿ ಕಡೆಯಿಂದ ಹೊಸ ಮೋಟರು ಕೊಳ್ಳಲು ಬಂದವರಿಗೆ ಅದು ಯಾವ ಯಾವ ರೀತಿಯಲ್ಲಿ ಸುಡಬಹುದು ಎಂದು ವಿವರಿಸಿ, ಅವರು ಪಕ್ಕದ ಅಂಗಡಿಗೆ ಹೋಗಿ ಅದೇ ಮೋಟರು ಕೊಂಡದ್ದನ್ನು ನೋಡಿದವನು ನಾನು. ಅಕ್ಕನ ಊರು ಹರಿಹರಕ್ಕೆ ಹೊರಟಾಗ ಹೆಂಡತಿ ಬಾಗಿಲಲ್ಲೇ ಹೇಳಿದಳು: "ಅಲ್ಲಿ ಹೋಗಿ ನಿಮ್ಮ ಹೆದರಿದ ಮುಖ ತೋರಿಸಬ್ಯಾಡ್ರಿ. ಬರೀ ಮಾತಾಡಿ ಬರ್ರಿ."

ಹೋಗಿ ನೋಡಿದರೆ ಅಕ್ಕನ ಮಗಳು ಬೇರೆಯೇ ಔಷಧಿ ಸಿದ್ಧ ಮಾಡಿಟ್ಟಿದ್ದಳು. ಅವಳು ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಅಮ್ಮನ ಹೆದರಿಕೆ ಬಿಡಿಸಲು ಟಿವಿಗೆ ಒಂದು ಆಟ ತಂದಿದ್ದಳು. ಆಪರೇಷನ್ ಮಾಡುವ ಆಟ. ಮೊದಲು ಕಂಪ್ಯೂಟರಿನಲ್ಲಿ ಕೀಲಿ ಒತ್ತಿ ಆಡುತ್ತಿದ್ದುದಂತೆ, ಈಗ ಕೈಯಾಡಿಸಿ ಆಡುವ ಹಾಗೆ ಹೊಸದಾಗಿ ಮಾಡಿದ್ದಾರಂತೆ. ಒಂದು ಹಿಡಿಕೆ ಕೈಯಲ್ಲಿ ಹಿಡಿದು ನಾವು ಕೈ ಎತ್ತಿದರೆ ಟಿವಿಯಲ್ಲಿ ಒಂದು ಕೈ ಏಳುತ್ತದೆ, ತಿರುಗಿಸಿದರೆ ತಿರುಗುತ್ತದೆ, ಗುಂಡಿ ಒತ್ತಿದರೆ ಬೆರಳು ಮುಚ್ಚುತ್ತವೆ. ಆ ಕೈಯ ಕೆಳಗೆ ಒಬ್ಬ ಎದೆ ತೆರೆದುಕೊಂಡು ಮಲಗಿರುತ್ತಾನೆ. ಅವನ ಹಳೆಯ ಹೃದಯ ತೆಗೆದು ಹೊಸದು ಇಡಬೇಕು. ತಾಯಿಯ ಭಯ ಕಳೆಯಲು ಮಗಳು ಕಂಡುಕೊಂಡ ದಾರಿ ಇದು. ಓದಿದವರ ಬುದ್ಧಿ ಹೀಗೆಯೇ ಓಡುತ್ತದೆ.

"ಮಾಮ, ನೀವು ಸರ್ಜನ್. ಅಮ್ಮ ನರ್ಸು. ನೀವು ಕೇಳಿದ್ದನ್ನ ಅಮ್ಮ ಕೊಡ್ಬೇಕು, ಅಷ್ಟೇ."

"ನಾನು ಯಾಕ ನರ್ಸು? ದೊಡ್ಡಾಕಿ ನಾನು," ಎಂದಳು ಅಕ್ಕ.

"ನಿನಗೆ ನೋವೈತಲ್ಲಮ್ಮ. ಕೂತ್ಕೊಂಡೇ ಆಡ್ಬೋದು ಅಂತ."

ನಾನು ಒಂದು ಹಿಡಿಕೆ ಹಿಡಿದೆ, ಅಕ್ಕ ಇನ್ನೊಂದು ಹಿಡಿದಳು; ಟಿವಿಯಲ್ಲಿ ಎರಡು ಕೈ ಎದ್ದವು. ನನ್ನ ಕೈ ಸ್ವಲ್ಪ ನಡುಗುತ್ತದೆ. ಟಿವಿಯ ಕೈ ಅದನ್ನು ಹತ್ತು ಪಟ್ಟು ಮಾಡಿ ತೋರಿಸಿತು. ಸುತ್ತಿಗೆಯಿಂದ ಪಕ್ಕೆಲುಬು ಒಡೆಯಬೇಕಿತ್ತು. ನಾನು ಟಿವಿಯೊಳಗಿನ ದೀಪ ಒಡೆದೆ. ಅದನ್ನು ಸರಿಮಾಡಲು ಬಾಗಿದಾಗ ಟಿವಿಯ ಕೈಯಲ್ಲಿದ್ದ ಗಡಿಯಾರ ಕಳಚಿ ರೋಗಿಯ ಎದೆಯೊಳಗೆ ಬಿತ್ತು. ಮಂಚದ ಮೇಲೆ ಒರಗಿದ್ದ ಭಾವ, "ಇರ್ಲಿ ಬಿಡ್ರಿ, ಅವನಿಗೂ ಟೈಮ್ ಗೊತ್ತಾಗ್ಲಿ," ಎಂದರು.

ಅಷ್ಟರ ತನಕ ರೋಗಿ ಬದುಕಿದ್ದ. ಅವನನ್ನು ಕೊಂದದ್ದು ನಮ್ಮ ಮನೆತನ.

ನಮ್ಮಲ್ಲಿ ಉಪ್ಪು, ಮೆಣಸಿನಕಾಯಿ, ಚಾಕು ಇವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ಬರುತ್ತದೆ ಎಂದು ಅವ್ವ ಕಲಿಸಿದ್ದಳು. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಹೀಗೆ ಜೀವಮಾನವಿಡೀ ಇಟ್ಟು ಎತ್ತಿದ ಕೈಗಳು ನಮ್ಮವು. ನಾನು "ಚಾಕು" ಎಂದು ಕೈ ಚಾಚಿದೆ. ಅಕ್ಕ ಚಾಕು ತೆಗೆದುಕೊಂಡಳು, ನನ್ನ ಕೈಯ ಹತ್ತಿರ ತಂದಳು, ಹತ್ತಿರದಲ್ಲಿ ಇಡಲು ಕಂಡ ಜಾಗದಲ್ಲಿ ಮೆತ್ತಗೆ ಇಟ್ಟಳು. ಕಂಡ ಜಾಗ ಎಂದರೆ ಆ ಮನುಷ್ಯನ ಶ್ವಾಸಕೋಶ. ಹಿಡಿಕೆ ಗುರ್ ಎಂದಿತು. ನಾನು ಎತ್ತಿಕೊಳ್ಳಲು ಹೋದೆ; ಚಾಕಿನ ಜೊತೆಗೆ ಇನ್ನೂ ಏನೇನೋ ಎದ್ದು ಬಂತು. ಪರದೆ ಕೆಂಪಗಾಯಿತು.

"ಅಮ್ಮ, ಮಾಮನ ಕೈಗೇ ಕೊಡ್ಬೇಕು."

"ಚಾಕು ಹೆಂಗೆ ಕೈಗೆ ಕೊಡ್ಲೇ? ನಾಳೆ ನನಗೂ ಅವನಿಗೂ ಜಗಳಾದ್ರೆ?"

"ಅದು ಆಟ, ಅಮ್ಮ."

"ಜಗಳ ಆಟದ್ದಾಗಿರಲ್ಲ."

ಇನ್ನೊಬ್ಬ ರೋಗಿ ಬಂದ. ಈ ಸಲ ಅಕ್ಕ ಹಲ್ಲುಕಚ್ಚಿ ಚಾಕನ್ನು ನನ್ನ ಕೈವರೆಗೂ ತಂದಳು. ತಂದವಳು ಬಿಟ್ಟಳು, ಸರಿ. ಆದರೆ ನನ್ನ ಕೈ ತೆಗೆದುಕೊಳ್ಳಲಿಲ್ಲ. ಗುಂಡಿ ಒತ್ತಬೇಕು ಎಂದು ತಲೆಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಅದು ಅಕ್ಕ ಕೆಳಗಿಡುವುದನ್ನೇ ಕಾಯುತ್ತಿತ್ತು. ಚಾಕು ಇಬ್ಬರ ಕೈಗಳ ನಡುವಿನಿಂದ ಜಾರಿ, ನೆಟ್ಟಗೆ ಹೋಗಬಾರದ ಕಡೆಗೇ ಹೋಯಿತು.

"ಹಿಡಿಯೋಕೆ ಬರಲ್ವೇನ್ಲೇ ನಿನಗೆ?"

"ನೀನು ಇಡ್ತೀಯ ಅಂತ ನಾನು..."

"ಕೈಗೆ ಕೊಡು ಅಂದ್ಲಲ್ಲ ಇವಳು!"

"ನೋಡ್ರಿ, ಬಂತು ಜಗಳ," ಎಂದರು ಭಾವ.

ಅಕ್ಕ ನಕ್ಕಳು. ನಕ್ಕರೆ ಬಲಗಡೆ ನೋಯುತ್ತದೆ, ಹಾಗಾಗಿ ಪಕ್ಕೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತರೂ ಪಕ್ಕೆ ಬಿಡಲಿಲ್ಲ. ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಮುಖ ಬಿಳಿಚಿತ್ತು. ಮಗಳು ಟಿವಿಯ ಸದ್ದು ಕಡಿಮೆ ಮಾಡಿದಳು. ಆ ಹೊತ್ತಿನಲ್ಲಿ ನಾನು ಹೇಳಬೇಕಾದ ಮಾತು ಒಂದೇ ಇತ್ತು, ಅದಕ್ಕಾಗಿಯೇ ಬಂದಿದ್ದೆ. ಆದರೆ ಸತ್ತ ರೋಗಿಯನ್ನು ಎದುರಿಗಿಟ್ಟುಕೊಂಡು, ಕೈಯಲ್ಲಿ ಹಿಡಿಕೆ ಹಿಡಿದುಕೊಂಡು, ಏನೂ ಆಗಲ್ಲ ಅಕ್ಕ ಎಂದು ಯಾವ ಬಾಯಿಂದ ಹೇಳುವುದು?

ನೋವು ಸ್ವಲ್ಪ ಇಳಿದ ಮೇಲೆ ಅಕ್ಕನೇ ಕೇಳಿದಳು, ಮಗಳನ್ನು. "ಆ ದಾವಣಗೆರೆ ಡಾಕ್ಟ್ರಿಗೆ ಚಾಕು ಕೊಡೋಳು ಯಾರು?"

"ಅಲ್ಲಿನ ನರ್ಸು."

"ಕೈಗೇ ಕೊಡ್ತಾಳಾ?"

"ಕೈಗೇ ಕೊಡ್ತಾಳೆ. ದಿನಾ ಅದೇ ಕೆಲ್ಸ ಅವರದು."

ಅಕ್ಕ ಟಿವಿಯ ಕಡೆ ನೋಡಿದಳು. ಅಲ್ಲಿ ನನ್ನ ಕೈ ಇನ್ನೂ ನಡುಗುತ್ತಿತ್ತು. "ಹಂಗಾರೆ ಹೋಗಣ ಬಿಡು," ಎಂದಳು. "ಇವನು ಮಾಡಿದ್ದು ನೋಡಿದ ಮ್ಯಾಲೆ ಯಾರು ಮಾಡಿದ್ರೂ ನಡೀತೈತೆ ಅನಿಸ್ತೈತೆ."

ಹೀಗೆ ನಾನು ಅಕ್ಕನನ್ನು ಒಪ್ಪಿಸಿದೆ. ನಾನೇ ಒಪ್ಪಿಸಿದ್ದು ಎಂದು ಇವತ್ತಿಗೂ ಹೆಂಡತಿಯ ಮುಂದೆ ಹೇಳುತ್ತೇನೆ, ವಿವರಕ್ಕೆ ಇಳಿಯುವುದಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಯಾವ ಟ್ರ್ಯಾಕ್ಟರೂ ಮಗುಚಲಿಲ್ಲ. ಭಾವ ಪತ್ರವನ್ನು ಕನ್ನಡಕ ಹಾಕಿಕೊಂಡು ಓದಿ, ಸರಿಯಾದ ಜಾಗದಲ್ಲಿ ಸಹಿ ಹಾಕಿದರು. ಅಕ್ಕನನ್ನು ಒಳಗೆ ಕರೆದುಕೊಂಡು ಹೋಗುವ ಮುನ್ನ ನರ್ಸಮ್ಮ ಮೈಮೇಲಿನ ಒಡವೆಯೆಲ್ಲ ತೆಗೆಸಿದರು. ಬಾಗಿಲು ಮುಚ್ಚಿದ ಮೇಲೆ ನಾನು ಜನರೇಟರು ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ, ಕಾವಲಿನವನ ಹತ್ತಿರ ಡೀಸೆಲ್ಲಿನ ವಿಚಾರ ಮಾತಾಡುತ್ತಿದ್ದೆ. ಅವನು ಟ್ಯಾಂಕಿನ ಮುಚ್ಚಳ ತೆಗೆದು ತೋರಿಸುವಷ್ಟರಲ್ಲಿ ಅಕ್ಕನ ಮಗಳು ಓಡಿ ಬಂದು, "ಮಾಮ, ಮುಗೀತು. ಚೆನ್ನಾಗಾಯ್ತಂತೆ," ಎಂದಳು. ನಾನು ಕಾವಲಿನವನ ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಅವನು ನೀರು ಕೊಟ್ಟ.

ಹೊಲಿಗೆ ಬಿಚ್ಚಿಸಿಕೊಂಡು ಹರಿಹರಕ್ಕೆ ಮರಳಿದ ಮೇಲೆ ಅಕ್ಕ ತಲೆಗೆ ನೀರು ಹಾಕಿಕೊಂಡು ಬಂದು, ತೆಗೆದಿಟ್ಟ ಒಡವೆಯ ಪೊಟ್ಟಣ ಬಿಚ್ಚಿದಳು. ತಾಳಿ ಹಾಕಿಕೊಂಡಳು, ಬಳೆ ಏರಿಸಿದಳು. ಮದುವೆಯಾದಾಗಿನಿಂದ ಒಮ್ಮೆಯೂ ಬಿಚ್ಚದಿದ್ದ ಮೂಗುತಿಯನ್ನು ಎತ್ತಿ, ಕನ್ನಡಿಯ ಮುಂದೆ ಎಷ್ಟು ತಿರುವಿದರೂ ಅದು ಒಳಗೆ ಹೋಗಲಿಲ್ಲ. ಮಗಳು ಎಣ್ಣೆ ಹಚ್ಚಿ ನೋಡಿದಳು, ಭಾವ ಬ್ಯಾಟರಿ ಬಿಟ್ಟು ನೋಡಿದರು. ಅಷ್ಟು ದಿನ ಖಾಲಿ ಬಿಟ್ಟದ್ದಕ್ಕೆ ಮೂಗಿನ ತೂತು ಮುಚ್ಚಿಕೊಂಡಿತ್ತು. ನಾನು ಎಣಿಸಿದ್ದ ಅಷ್ಟೂ ಅನಾಹುತಗಳಲ್ಲಿ ಇದೊಂದು ಇರಲಿಲ್ಲ.